ಅವ್ವನ ಎದೆಯೊಳಗಿನ ಟಿಕ್ ಟಿಕ್

ನಮ್ಮ ಮನೆಯಲ್ಲಿ ಎರಡು ಗಡಿಯಾರಗಳಿವೆ. ಒಂದು ಗೋಡೆಯ ಮೇಲಿನದು, ಯಾವಾಗಲೂ ಹತ್ತು ನಿಮಿಷ ಹಿಂದೆ. ಇನ್ನೊಂದು ಅವ್ವನ ಎದೆಯೊಳಗಿದೆ. ರಾತ್ರಿ ಫ್ಯಾನ್ ನಿಂತು, ಬೀದಿನಾಯಿಗಳು ಸುಮ್ಮನಾದ ಮೇಲೆ ಪಕ್ಕದಲ್ಲಿ ಮಲಗಿದವರಿಗೆ ಅದು ಸ್ಪಷ್ಟವಾಗಿ ಕೇಳುತ್ತದೆ. ಟಿಕ್, ಟಿಕ್, ಟಿಕ್. ಲೋಹದ ಚೌಕಟ್ಟಿನಲ್ಲಿ ಪುಟ್ಟ ಬಾಗಿಲು ಮುಚ್ಚಿಕೊಳ್ಳುವ ಸದ್ದು ಅದು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದಿದ್ದೇ ನಾನು ಆ ಸದ್ದಿನ ಜೊತೆ.

ಅವ್ವನಿಗೆ ಹೃದಯದ ಕವಾಟ ಬದಲಿಸಿದ್ದು ಆರು ವರ್ಷದ ಹಿಂದೆ, ಬೆಂಗಳೂರಿನಲ್ಲಿ. ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ಹಳೇದು ಕೆಟ್ಟಿದೆ, ಹೊಸದು ಹಾಕುತ್ತಾರೆ. ಅಪ್ಪ ಪಂಪ್‌ಸೆಟ್ಟಿನ ವಾಲ್ವ್ ಬದಲಿಸಿದ ಹಾಗೆ ಎಂದುಕೊಂಡಿದ್ದೆ. ಪಂಪ್‌ಸೆಟ್ಟು ಹೊಸ ವಾಲ್ವನ್ನು 'ನೀನು ಯಾರು?' ಎಂದು ಕೇಳುವುದಿಲ್ಲ, ಮೈ ಕೇಳುತ್ತದೆ. ಅದು ನನಗೆ ಅರ್ಥವಾಗಲು ಬಿ.ಎಸ್ಸಿ ಎರಡನೇ ವರ್ಷ ಬರಬೇಕಾಯಿತು. ಅದೂ ಪುಸ್ತಕದಿಂದ ಅರ್ಧ, ಆಸ್ಪತ್ರೆಯ ಕಾರಿಡಾರಿನಲ್ಲಿ ಅರ್ಧ.

ಮೊದಲು ಹಳೆಯ ಕವಾಟ ಕೆಟ್ಟಿದ್ದೇಕೆ ಎಂದು ಹೇಳುತ್ತೇನೆ. ಅವ್ವ ಹನ್ನೊಂದು ವರ್ಷದವಳಿದ್ದಾಗ ಗಂಟಲು ನೋವು ಬಂದು ಹೋಗಿತ್ತಂತೆ. ಕೆಲವು ವಾರ ಬಿಟ್ಟು ಜ್ವರ ಕಾಣಿಸಿತು. ಮೊಣಕಾಲು ಊದಿತು, ಅದು ಇಳಿದರೆ ಮೊಣಕೈ. ಅಜ್ಜಿ ಬೇವಿನ ಎಣ್ಣೆ ತಿಕ್ಕಿದಳು, ಊತ ಹೋಯಿತು, ಎಲ್ಲರೂ ಮರೆತರು. ಅದು ರುಮ್ಯಾಟಿಕ್ ಜ್ವರ. ಗಂಟಲಿಗೆ ಬಂದ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಮೈಮೇಲಿನ ಕೆಲವು ಪ್ರೋಟೀನುಗಳು ನಮ್ಮ ಹೃದಯದ ಪ್ರೋಟೀನುಗಳನ್ನೇ ಹೋಲುತ್ತವೆ. ಕಳ್ಳನನ್ನು ಹಿಡಿಯಲು ಹೊರಟ ರೋಗನಿರೋಧಕ ವ್ಯವಸ್ಥೆ ಅದೇ ಮುಖಚರ್ಯೆಯ ಮನೆಯವನನ್ನೂ ಹಿಡಿದು ಬಡಿಯುತ್ತದೆ. ಈ ಜ್ವರ ಕೀಲುಗಳನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಎಂದು ವೈದ್ಯರಲ್ಲಿ ಹಳೆಯ ಮಾತೊಂದಿದೆ. ಕಚ್ಚಿದ ಗುರುತು ಕಾಣಿಸಿಕೊಳ್ಳಲು ಇಪ್ಪತ್ತು ವರ್ಷಗಳೇ ಬೇಕಾಗಬಹುದು. ಮೂರು ವಾರಕ್ಕೊಂದು ಪೆನ್ಸಿಲಿನ್ ಚುಚ್ಚುಮದ್ದು ಆಗಲೇ ಶುರುವಾಗಿದ್ದರೆ ಬಹುಶಃ ಈ ಲೇಖನವೇ ಇರುತ್ತಿರಲಿಲ್ಲ. ಓದುವವರ ಮನೆಯಲ್ಲಿ ಗಂಟಲು ನೋವಿನ ನಂತರ ಕೀಲು ಊದಿಸಿಕೊಂಡ ಮಕ್ಕಳಿದ್ದರೆ ದಯವಿಟ್ಟು ಎಣ್ಣೆ ತಿಕ್ಕಿ ಸುಮ್ಮನಾಗಬೇಡಿ.

ಹೀಗೆ ತನ್ನದನ್ನೇ ಪರಕೀಯ ಎಂದು ತಪ್ಪು ತಿಳಿದ ಮೈಯೊಳಗೆ ನಿಜವಾಗಿಯೂ ಪರಕೀಯವಾದ ಒಂದು ವಸ್ತುವನ್ನು ಹೊಲಿದು ಕಳಿಸಿದರು. ಮುಂದೇನಾಗುತ್ತದೆ?

ಇದಕ್ಕೆ ಉತ್ತರ ಹುಡುಕುವಾಗ ನಮ್ಮ ಉಪನ್ಯಾಸಕರು ಒಂದು ಮುಳ್ಳಿನ ಕಥೆ ಹೇಳಿದರು. 1882ರಲ್ಲಿ ರಷ್ಯಾದ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಇಟಲಿಯ ಮೆಸ್ಸೀನಾ ಎಂಬ ಊರಿನಲ್ಲಿದ್ದ. ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳನ್ನು ಚುಚ್ಚಿಟ್ಟ. ಮರುದಿನ ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳ ಜಾತ್ರೆ. ಹೊರಗಿನದನ್ನು ತಿಂದು ಮುಗಿಸಲು ಬರುವ ಕೋಶಗಳು ದೇಹದಲ್ಲಿವೆ ಎಂಬುದು ಅಲ್ಲಿಂದ ಖಚಿತವಾಗುತ್ತಾ ಹೋಯಿತು. 1908ರ ನೊಬೆಲ್ ಅವನಿಗೂ ಪಾಲ್ ಎರ್ಲಿಕ್‌ಗೂ ಹಂಚಿಕೆಯಾಯಿತು. ನನಗಂತೂ ತಕ್ಷಣ ನೆನಪಾದದ್ದು ಅಪ್ಪನ ಅಂಗಾಲು. ಜಾಲಿಮುಳ್ಳು ಮುರಿದು ಒಳಗೇ ಉಳಿದು, ಅದರ ಸುತ್ತ ಗಟ್ಟಿ ಗಂಟು ಕಟ್ಟಿ ಎಷ್ಟೋ ವರ್ಷವಾಗಿದೆ. ನೊಬೆಲ್ ಬಹುಮಾನದ ವಿಷಯ ನಮ್ಮ ಮನೆಯಲ್ಲಿ ದಿನಾ ಚಪ್ಪಲಿ ಹಾಕಿಕೊಂಡು ಓಡಾಡುತ್ತಿತ್ತು!

ಸಾಧನ ಯಾವುದೇ ಇರಲಿ, ಕವಾಟವೋ ಪೇಸ್‌ಮೇಕರೋ ಮಂಡಿಚಿಪ್ಪೋ, ಮೈ ಮಾಡುವುದು ಸುಮಾರಾಗಿ ಇದನ್ನೇ. ರಕ್ತ ತಾಗಿದ ಕೆಲವೇ ಸೆಕೆಂಡುಗಳಲ್ಲಿ ಅದರ ಮೈಮೇಲೆ ಪ್ರೋಟೀನಿನ ತೆಳು ಪೊರೆ ಅಂಟಿಕೊಳ್ಳುತ್ತದೆ. ಆಮೇಲೆ ಬರುವ ಕೋಶಗಳು ಲೋಹವನ್ನು ನೋಡುವುದೇ ಇಲ್ಲ, ಈ ಪೊರೆಯನ್ನು ನೋಡುತ್ತವೆ. ಮೊದಲು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು, ಅವುಗಳ ಹಿಂದೆ ಮ್ಯಾಕ್ರೊಫೇಜ್‌ಗಳು. ಮ್ಯಾಕ್ರೊಫೇಜ್ ಎಂದರೆ ದೊಡ್ಡ ತಿಂಡಿಪೋತ ಎಂದೇ ಅರ್ಥ. ಬ್ಯಾಕ್ಟೀರಿಯಾ ಆದರೆ ಒಂದೇ ತುತ್ತು. ಲೋಹದ ಬಳೆಯನ್ನು ಹೇಗೆ ನುಂಗುವುದು? ನುಂಗಲಾಗದೆ ಆಮ್ಲ, ಕಿಣ್ವಗಳನ್ನು ಅದರ ಮೇಲೆ ಸುರಿಯುತ್ತವೆ. ಅದೂ ಆಗದಿದ್ದರೆ ಹತ್ತಾರು ಕೋಶಗಳು ಒಂದರೊಳಗೊಂದು ಬೆರೆತು ದೈತ್ಯಕೋಶವಾಗಿ ಮೇಲೆ ಹರಡಿಕೊಳ್ಳುತ್ತವೆ. ಕೊನೆಗೂ ಸೋತಾಗ ಮೈ ರಾಜಿ ಮಾಡಿಕೊಳ್ಳುತ್ತದೆ: 'ಹೊರಹಾಕಲಾಗದು, ಬೇಲಿ ಹಾಕೋಣ.' ನಾರಿನಂಥ ಕೊಲಾಜೆನ್ ನೇಯ್ದು ಕೆಲವು ವಾರಗಳಲ್ಲಿ ವಸ್ತುವಿನ ಸುತ್ತ ಚೀಲ ಕಟ್ಟಿಬಿಡುತ್ತದೆ. ಅಪ್ಪನ ಕಾಲಿನ ಗಂಟು ಅಂಥದ್ದೇ ಬೇಲಿ.

ಈ ಬೇಲಿ ಎಲ್ಲ ಕಡೆ ಕೆಟ್ಟದ್ದಲ್ಲ. ಪೇಸ್‌ಮೇಕರ್ ಸುತ್ತ ಚೀಲ ಕಟ್ಟಿದರೆ ಅದು ಜಾಗ ಬಿಟ್ಟು ಜಾರುವುದಿಲ್ಲ. ಸಕ್ಕರೆ ಅಳೆಯುವ ಸೆನ್ಸರ್ ಸುತ್ತ ಅದೇ ಚೀಲ ದಪ್ಪವಾದರೆ ಸೆನ್ಸರ್ ಕುರುಡಾಗುತ್ತದೆ. ಟೈಟಾನಿಯಂ ಅನ್ನು ಮೂಳೆ ಎಷ್ಟು ಒಪ್ಪಿಕೊಳ್ಳುತ್ತದೆಂದರೆ ನಡುವೆ ಬೇಲಿಯೇ ಇಲ್ಲದಂತೆ ಅಂಟಿ ಬೆಳೆಯುತ್ತದೆ. ಇನ್ನು ಕಣ್ಣಿನ ವಿಷಯ ಓದಿ ನಾನು ಬೆರಗಾದೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಕಿಟಕಿಯ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಕೆರಳದೆ ಸುಮ್ಮನಿದ್ದುದನ್ನು ಹೆರಾಲ್ಡ್ ರಿಡ್ಲಿ ಎಂಬ ಇಂಗ್ಲಿಷ್ ವೈದ್ಯ ಗಮನಿಸಿದ. 1949ರಲ್ಲಿ ಅದೇ ಬಗೆಯ ಪ್ಲಾಸ್ಟಿಕ್‌ನಿಂದ ಲೆನ್ಸ್ ಮಾಡಿ ರೋಗಿಯ ಕಣ್ಣಿನಲ್ಲಿ ಕೂರಿಸಿದ. ನಮ್ಮ ಅಜ್ಜಿಯರೆಲ್ಲ ಪೊರೆ ತೆಗೆಸಿಕೊಂಡು ಮತ್ತೆ ಅಕ್ಕಿ ಆರಿಸುವಂತಾದದ್ದು ಅಲ್ಲಿಂದ.

ಅವ್ವನ ಕವಾಟದ ಕಥೆ ಇವೆಲ್ಲಕ್ಕಿಂತ ಸೂಕ್ಷ್ಮ, ಯಾಕೆಂದರೆ ಅದು ಹರಿಯುವ ರಕ್ತದ ನಡುವೆ ಕೂತಿದೆ. ಅದರ ಅಂಚಿಗೆ ಪಾಲಿಯೆಸ್ಟರ್ ಬಟ್ಟೆಯ ಬಳೆಯೊಂದಿರುತ್ತದೆ, ಹೃದಯಕ್ಕೆ ಹೊಲಿಯುವುದು ಅದನ್ನು. ಅಲ್ಲಿ ಮೈ ಬೇಲಿ ಹಾಕಲೇಬೇಕು. ಅಂಗಾಂಶ ಬೆಳೆದು ಬಟ್ಟೆಯನ್ನು ಮುಚ್ಚಿದರೆ ಕವಾಟ ಗಟ್ಟಿಯಾಗಿ ಕೂರುತ್ತದೆ. ಆದರೆ ಬೇಲಿ ಒಳಗೊಳಗೇ ಚಾಚಿ ಬಾಗಿಲಿನ ದಾರಿಗೆ ಬಂದರೆ ಕಷ್ಟ. ಅದಕ್ಕೆ ಪ್ಯಾನಸ್ ಎನ್ನುತ್ತಾರೆ. ಬಾಗಿಲಿನ ಮೇಲಂತೂ ಏನೂ ಅಂಟಬಾರದು. ಆದರೆ ರಕ್ತಕ್ಕೆ ಗೊತ್ತಿರುವುದು ಒಂದೇ: ಪರಕೀಯ ಮೇಲ್ಮೈ ಕಂಡರೆ ಹೆಪ್ಪುಗಟ್ಟು. ಪ್ಲೇಟ್‌ಲೆಟ್‌ಗಳು ಬಂದು ಕೂರುತ್ತವೆ, ಅವು ಬಿಳಿಕಣಗಳನ್ನು ಕರೆಯುತ್ತವೆ, ಬಿಳಿಕಣಗಳು ಇನ್ನಷ್ಟು ಹೆಪ್ಪಿಗೆ ದಾರಿ ಮಾಡುತ್ತವೆ. ಇದನ್ನು ತಡೆಯಲೆಂದೇ ಅವ್ವನಿಗೆ ಜೀವಮಾನವಿಡೀ ವಾರ್ಫರಿನ್ ಮಾತ್ರೆ. ಐಎನ್‌ಆರ್ ಎಂಬ ರಕ್ತಪರೀಕ್ಷೆಯಲ್ಲಿ ಅಂಕ 2.5ರಿಂದ 3.5ರೊಳಗೆ ಇರಬೇಕು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಒಂದು ವಾರ ಮೂರು ಹೊತ್ತೂ ಸೊಪ್ಪಿನ ಸಾರು ತಿಂದರೆ ಸಾಕು, ಅದರಲ್ಲಿನ ವಿಟಮಿನ್ ಕೆ ಅಂಕವನ್ನು ಕೆಳಗಿಳಿಸುತ್ತದೆ. ಸೊಪ್ಪಿಲ್ಲದೆ ಮುದ್ದೆ ಇಳಿಯದ ಮನೆ ನಮ್ಮದು. ಬಿಡಬೇಕಿಲ್ಲ, ದಿನಾ ಒಂದೇ ಅಳತೆಯಲ್ಲಿ ತಿನ್ನಿ ಎಂದಿದ್ದರು ಡಾಕ್ಟರು.

ಕಳೆದ ವರ್ಷ ದೀಪಾವಳಿ ರಜೆಗೆ ಹಾಸ್ಟೆಲ್‌ನಿಂದ ಬಂದಿದ್ದೆ. ರಾತ್ರಿ ಅವ್ವನ ಪಕ್ಕ ಮಲಗಿದೆ. ಏನೋ ಕೊರತೆ ಅನಿಸಿತು. ಎಷ್ಟೋ ಹೊತ್ತಾದ ಮೇಲೆ ಹೊಳೆಯಿತು, ಟಿಕ್ ಟಿಕ್ ಇಲ್ಲ. ಎದೆಗೆ ಕಿವಿಯಿಟ್ಟರೆ ಬಟ್ಟೆ ಸುತ್ತಿ ಬಡಿದಂಥ ಮಂಕು ಸದ್ದು.

"ಅವ್ವ, ಸದ್ದು ಯಾಕೆ ಕಮ್ಮಿಯಾಗೈತೆ?"

"ಹೂಂ ಕಣೆ, ನಾಲ್ಕೈದು ದಿನಾತು. ಒಳ್ಳೇದೇ ಆತು ಬಿಡು, ಮೈಗೆ ಒಗ್ಗಿಕೊಂಡೈತೆ."

ಒಗ್ಗಿಕೊಂಡೈತೆ! ಆ ಮಾತು ಕೇಳಿ ನನಗೂ ಒಂದು ಕ್ಷಣ ಸಮಾಧಾನವೇ ಆಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಅವ್ವ ಎರಡು ದಿಂಬು ಹಾಕಿಕೊಂಡು ಮಲಗಿದ್ದಳು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದಂತೆ. ಮಾತ್ರೆ ಡಬ್ಬಿ ತೆಗೆದು ನೋಡಿದೆ, ಎಣಿಕೆ ತಪ್ಪಿತ್ತು. ಕೇಳುತ್ತಾ ಹೋದಂತೆ ವಿಷಯ ಬಿಚ್ಚಿಕೊಂಡಿತು. ದವಡೆ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಾಳೆ. ರಕ್ತ ತೆಳುವಾಗುವ ಮಾತ್ರೆ ನಿಲ್ಲಿಸಿ ಬನ್ನಿ ಎಂದಿದ್ದಾರೆ. ನಿಲ್ಲಿಸಿದ್ದಾಳೆ. ಮತ್ತೆ ಯಾವಾಗ ಶುರು ಮಾಡಬೇಕೆಂದು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಮಾತ್ರೆ ಇಲ್ಲದೆಯೂ ಆರಾಮಿದ್ದೀನಲ್ಲ ಎಂದು ಮೂರು ವಾರ ಹಾಗೇ ಕಳೆದಿದ್ದಾಳೆ. ಹೃದಯದ ವೈದ್ಯರನ್ನು ಕೇಳದೆ ಆ ಮಾತ್ರೆ ಒಂದು ದಿನವೂ ನಿಲ್ಲಬಾರದು, ಹಲ್ಲು ಕೀಳಿಸುವ ಮೊದಲು ಬ್ಯಾಕ್ಟೀರಿಯಾ ಕವಾಟಕ್ಕೆ ಹೋಗಿ ಕೂರದಂತೆ ಆ್ಯಂಟಿಬಯಾಟಿಕ್ ತೆಗೆದುಕೊಳ್ಳಬೇಕು. ಇವೆರಡೂ ಡಿಸ್ಚಾರ್ಜ್ ಹಾಳೆಯಲ್ಲಿದ್ದವು, ಇಂಗ್ಲಿಷಿನಲ್ಲಿ. ಆ ಹಾಳೆಯನ್ನು ಓದಬಲ್ಲವಳು ಮನೆಯಲ್ಲಿ ನಾನೊಬ್ಬಳೇ, ನಾನು ಹಾಸ್ಟೆಲ್‌ನಲ್ಲಿದ್ದೆ. ಯಾರನ್ನು ಬಯ್ಯಲಿ?

ಅದೇ ರಾತ್ರಿ ಪಕ್ಕದ ಮನೆಯ ಕಾರಿನಲ್ಲಿ ದಾವಣಗೆರೆ, ಅಲ್ಲಿಂದ ಆಂಬುಲೆನ್ಸ್‌ನಲ್ಲಿ ಬೆಂಗಳೂರು. ಐಎನ್‌ಆರ್ 1.1 ಬಂತು, ಅಂದರೆ ಮಾತ್ರೆಯನ್ನೇ ಕಾಣದವರ ರಕ್ತ. ಎಕ್ಸ್‌ರೇ ಪರದೆಯ ಮೇಲೆ ಕವಾಟ ಚಲಿಸುವುದನ್ನು ತೋರಿಸಿದರು. ರಪ್ಪನೆ ತೆರೆದು ಮುಚ್ಚಬೇಕಾದ ಬಾಗಿಲು ಸೊಂಟ ಹಿಡಿದ ಮುದುಕಿಯ ಹಾಗೆ ಅರ್ಧಕ್ಕೇ ನಿಲ್ಲುತ್ತಿತ್ತು.

ಡ್ಯೂಟಿಯಲ್ಲಿದ್ದ ಡಾಕ್ಟರು ನನ್ನ ಕೈಲಿದ್ದ ಪುಸ್ತಕ ನೋಡಿ, ಮೈಕ್ರೋಬಯಾಲಜಿ ವಿದ್ಯಾರ್ಥಿನಿ ಎಂದು ತಿಳಿದು ಬಿಡಿಸಿ ಹೇಳಿದರು. "ಸಿಕ್ಕಿಕೊಂಡಿರೋದು ಹೆಪ್ಪಾದರೆ ಔಷಧಿಯಲ್ಲಿ ಕರಗಬಹುದು. ಒಳಗೆ ಬೆಳೆದ ಪ್ಯಾನಸ್ ಆದರೆ ಯಾವ ಔಷಧಿಗೂ ಕರಗಲ್ಲಮ್ಮ, ಮತ್ತೆ ಎದೆ ತೆರೀಬೇಕು. ಮೂರು ವಾರ ಮಾತ್ರೆ ನಿಂತಿರೋದರಿಂದ ಹೆಪ್ಪೇ ಇರಬೇಕು. ಆದರೆ ಕರಗುವಾಗ ಒಂದು ಚೂರು ಮೆದುಳಿಗೆ ಹೋದರೆ ಪಾರ್ಶ್ವವಾಯು ಆಗಬಹುದು." ಅಪ್ಪ ಸಹಿ ಹಾಕುವ ಮೊದಲು ನನ್ನ ಮುಖ ನೋಡಿದರು. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದ 'ಹೊರವಸ್ತುವಿಗೆ ದೇಹದ ಪ್ರತಿಕ್ರಿಯೆ' ಎಂಬ ಉತ್ತರ ಆಗ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. "ಹಾಕಿ ಅಪ್ಪ" ಎಂದೆ.

ಹನಿಹನಿಯಾಗಿ ಏರಿಸಿದ ಔಷಧಿಯ ಹೆಸರು ಸ್ಟ್ರೆಪ್ಟೊಕೈನೇಸ್. ಹೆಸರು ಓದಿ ಎರಡು ಸಲ ನೋಡಿದೆ. ಹೌದು, ಸ್ಟ್ರೆಪ್ಟೊಕಾಕಸ್‌ನಿಂದಲೇ ಬಂದದ್ದು. ಅವ್ವನ ಕವಾಟವನ್ನು ಹಾಳುಗೆಡವಿದ ಬ್ಯಾಕ್ಟೀರಿಯಾದ ದಾಯಾದಿಗಳೇ ತಯಾರಿಸುವ ಪ್ರೋಟೀನು ಈಗ ಅವಳ ಹೊಸ ಕವಾಟವನ್ನು ಬಿಡಿಸಲು ಬಂದಿತ್ತು. ಅದೂ ಪರಕೀಯವೇ ಆದ್ದರಿಂದ ಮೈ ಅದರ ವಿರುದ್ಧವೂ ಪ್ರತಿಕಾಯ ತಯಾರಿಸುತ್ತದೆ. ಹಾಗಾಗಿ ಒಮ್ಮೆ ಕೊಟ್ಟವರಿಗೆ ಅದನ್ನು ಮತ್ತೆ ಕೊಡಲು ಹಿಂಜರಿಯುತ್ತಾರಂತೆ. ನಮ್ಮ ಪಾಲಿಗೆ ಅದು ಒಂದೇ ಬಾರಿಯ ಅವಕಾಶ.

ಎರಡನೇ ದಿನ ಬೆಳಗಿನ ಜಾವ. ಐಸಿಯುಗೆ ಬಿಟ್ಟಿದ್ದು ಐದು ನಿಮಿಷ. ಯಂತ್ರಗಳ ಬೀಪ್ ನಡುವೆ ಬಗ್ಗಿ ಕಿವಿಯಿಟ್ಟೆ. ಟಿಕ್. ಅವ್ವ ಕಣ್ಣು ಬಿಟ್ಟು, "ಏನೇ, ಕಚಗುಳಿ ಆಕ್ಕೈತೆ" ಎಂದಳು. ಮಾತು ತೊದಲಿರಲಿಲ್ಲ. ನಾನು ಅತ್ತದ್ದನ್ನು ನರ್ಸಕ್ಕ ನೋಡಿಯೂ ನೋಡದಂತಿದ್ದರು.

ಆಸ್ಪತ್ರೆಯಲ್ಲಿ ಕಾಯುತ್ತಾ ಕೂತಾಗ ಕವಾಟಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಅದರಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಕಥೆಯನ್ನು ಕೆಲಸ ಹುಡುಕುತ್ತಿರುವ ಗೆಳೆಯರಿಗೆಲ್ಲ ಹೇಳುತ್ತಿರುತ್ತೇನೆ. ಆಮದು ಕವಾಟ ಬಡವರಿಗೆ ಎಟುಕದ ಕಾಲದಲ್ಲಿ ಶಸ್ತ್ರವೈದ್ಯ ಎಂ.ಎಸ್. ವಲಿಯತ್ತಾನ್ ಮತ್ತು ಎಂಜಿನಿಯರುಗಳ ತಂಡ ಇಲ್ಲಿಯೇ ಮಾಡಲು ಹೊರಟಿತು. ಒಂದಲ್ಲ ಎರಡಲ್ಲ, ಮೂರು ಮಾದರಿಗಳು ಸೋತವು. ಬಿಲ್ಲೆಗೆ ಕೃತಕ ನೀಲಮಣಿಯನ್ನೂ ಪ್ರಯತ್ನಿಸಿದರು, ಅದೂ ಒಡೆಯಿತು. ಹೃದಯ ವರ್ಷಕ್ಕೆ ಸುಮಾರು 3.8 ಕೋಟಿ ಬಾರಿ ಬಡಿಯುತ್ತದೆ, ಅಷ್ಟು ಬಾರಿಯೂ ಬಾಗಿಲು ಮುಚ್ಚಬೇಕು, ಸವೆಯಬಾರದು, ಸವೆದ ಚೂರು ಮೈಯನ್ನು ಕೆರಳಿಸಬಾರದು. ಕೊನೆಗೆ ಗೆದ್ದದ್ದು ಕೃತಕ ಕೀಲುಗಳಲ್ಲಿ ಬಳಸುವ ಬಗೆಯ ಗಟ್ಟಿ ಪ್ಲಾಸ್ಟಿಕ್. 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಅಳವಡಿಸಿದರು. ಅದೇ ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಬಂದರು. 2024ರಲ್ಲಿ ತೀರಿಕೊಂಡಿದ್ದೂ ಮಣಿಪಾಲದಲ್ಲೇ.

ಜೀವಕೋಶ ಮತ್ತು ಪ್ಲಾಸ್ಟಿಕ್ಕಿನ ನಡುವಿನ ಈ ಜಗಳದಲ್ಲಿ ಬಯಾಲಜಿಯವರಿಗೂ ಮೆಕ್ಯಾನಿಕಲ್‌ನವರಿಗೂ ಕೆಮಿಸ್ಟ್ರಿಯವರಿಗೂ ಕೆಲಸವಿದೆ ಎಂಬುದು ನನಗೆ ಕ್ಯಾಂಪಸ್ ಸಂದರ್ಶನದಲ್ಲಿ ಯಾರೂ ಹೇಳಿರಲಿಲ್ಲ. ಈಗ ಎಂ.ಎಸ್ಸಿ ಪ್ರವೇಶಕ್ಕೆ ಓದುತ್ತಿದ್ದೇನೆ. ಅಪ್ಪನಿಗೆ ನಾನು ಬ್ಯಾಂಕ್ ಪರೀಕ್ಷೆ ಬರೆಯಲಿ ಎಂದಾಸೆ. ಆ ಅರ್ಜಿಯನ್ನೂ ಹಾಕಿದ್ದೇನೆ, ನೋಡೋಣ.

ಡಿಸ್ಚಾರ್ಜ್ ಹಾಳೆಯನ್ನು ಮಾತ್ರ ಮೊದಲು ಕನ್ನಡಕ್ಕೆ ಬರೆದೆ. ದಪ್ಪ ಅಕ್ಷರದಲ್ಲಿ, ಒಂದೇ ಪುಟ. ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದೇನೆ. ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ದಿನಕ್ಕೆ ಅವ್ವ ಕುಂಕುಮದ ಬೊಟ್ಟು ಇಡುತ್ತಾಳೆ. ತಿಂಗಳಿಗೊಮ್ಮೆ ರಕ್ತಪರೀಕ್ಷೆಯ ದಿನ ಲ್ಯಾಬಿನ ಬಾಗಿಲಿಂದಲೇ ನನಗೆ ಫೋನ್ ಬರುತ್ತದೆ. ನಿನ್ನೆಯೂ ಬಂತು.

"2.8 ಅಂತ ಬರ್ದಾರೆ ಕಣೆ. ಪಾಸೋ, ಫೇಲೋ?"