ಮಾನವರಕ್ತ: ಅದರ ಅಂಗಗಳೂ ಕಾರ್ಯಗಳೂ

ರಕ್ತವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಒಂದೇ ಬಗೆಯ ಕೆಂಪು ದ್ರವ. ವಾಸ್ತವವಾಗಿ ಅದು ಹಲವು ವಸ್ತುಗಳ ಸಮೂಹ. ನರಗುಂದದ ಸೀಮೆಯಲ್ಲಿ ಮಲಪ್ರಭೆಯ ದಂಡೆಗೆ ಕೊಣ್ಣೂರೆಂಬ ಊರಿದೆ. ಮಳೆಗಾಲದಲ್ಲಿ ಅಲ್ಲಿಯ ಹೊಳೆಯ ಕದಡಿದ ನೀರನ್ನು ಕೊಡದಲ್ಲಿ ತುಂಬಿ ಅಲುಗಿಸದೆ ಇಟ್ಟರೆ ಮಣ್ಣು ತಳಕ್ಕಿಳಿದು ತಿಳಿನೀರು ಮೇಲೆ ನಿಲ್ಲುವುದು. ರಕ್ತವೂ ಹಾಗೆಯೇ. ಹೆಪ್ಪುಗಟ್ಟದಂತೆ ಮದ್ದು ಬೆರಸಿ ಗಾಜಿನ ನಳಿಕೆಯಲ್ಲಿಟ್ಟರೆ, ಮೇಲೆ ಹೊಂಬಣ್ಣದ ರಸ, ನಡುವೆ ತೆಳ್ಳನೆಯ ಬಿಳಿಯ ಪೊರೆ, ತಳದಲ್ಲಿ ಕೆಂಪು ರಾಶಿ, ಹೀಗೆ ಮೂರು ಪದರಗಳು ತೋರುವುವು.

ಮೇಲಿನ ರಸಕ್ಕೆ ಪ್ಲಾಸ್ಮಾ ಎಂದು ಹೆಸರು. ರಕ್ತದ ನೂರು ಪಾಲಿನಲ್ಲಿ ಸುಮಾರು 55 ಪಾಲು ಇದೇ. ಇದರ ಬಹುಭಾಗ ನೀರು. ಕರುಳಿನಿಂದ ಹೀರಲ್ಪಟ್ಟ ಆಹಾರಸಾರವನ್ನು ಅಂಗಾಂಗಗಳಿಗೆ ಒಯ್ಯುವುದೂ ಅಲ್ಲಿಯ ಕಶ್ಮಲವನ್ನು ಮೂತ್ರಪಿಂಡಗಳಿಗೆ ತಲಪಿಸುವುದೂ ಇದರ ಕೆಲಸ. ರೋಗಾಣುಗಳನ್ನು ಎದುರಿಸುವ ಪ್ರತಿಕಾಯಗಳೂ, ರಕ್ತವನ್ನು ಹೆಪ್ಪುಗಟ್ಟಿಸುವ ಫೈಬ್ರಿನೋಜನ್ ಎಂಬ ಪ್ರೋಟೀನೂ ಇದರಲ್ಲಿಯೇ ಕರಗಿರುವುವು.

ತಳದ ಕೆಂಪು ರಾಶಿ ಕೆಂಪು ಕಣಗಳದು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸುಮಾರು 50 ಲಕ್ಷ. ಎಲುಬಿನ ಮಜ್ಜೆಯಲ್ಲಿ ಹುಟ್ಟಿ, ಸುಮಾರು 120 ದಿನ ಬಾಳಿ ಅಳಿಯುವುವು. ಇವುಗಳಲ್ಲಿರುವ ಹಿಮೋಗ್ಲೋಬಿನ್ ಎಂಬ ಕಬ್ಬಿಣಯುಕ್ತ ವಸ್ತುವು ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದು ದೇಹದ ಮೂಲೆಮೂಲೆಗೆ ಮುಟ್ಟಿಸುವುದು.

ನಡುವಣ ಪೊರೆಯಲ್ಲಿ ಬಿಳಿಯ ಕಣಗಳೂ ರಕ್ತಫಲಕಗಳೂ ಇವೆ. ಬಿಳಿಯ ಕಣಗಳು ದೇಹದ ಕಾವಲುಪಡೆ. ಕೆಲವು ರೋಗಾಣುಗಳನ್ನು ನುಂಗುವುವು, ಕೆಲವು ಪ್ರತಿಕಾಯಗಳನ್ನು ಸಿದ್ಧಪಡಿಸುವುವು. ಫಲಕಗಳಾದರೋ ಗಾಯದ ಬಾಯಿಗೆ ಮುತ್ತಿ ರಕ್ತಸ್ರಾವವನ್ನು ತಡೆಯುವುವು. ಡೆಂಗಿ ಜ್ವರದಲ್ಲಿಯೂ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯಲ್ಲಿಯೂ ಇವುಗಳ ಸಂಖ್ಯೆ ಕುಸಿಯಬಹುದು.

ಒಂದೊಂದು ಅಂಗಕ್ಕೂ ಒಂದೊಂದು ಕಾರ್ಯವಿರುವುದರಿಂದ, ಯಾವುದು ಕುಂದಿದೆಯೆಂಬುದನ್ನು ತಿಳಿಯುವುದೇ ಚಿಕಿತ್ಸೆಯ ಮೊದಲ ಮೆಟ್ಟಿಲು. ನಮ್ಮ ನಾಡಿನಲ್ಲಿ ಹೆಚ್ಚಾಗಿ ಕುಂದಿರುವುದು ಹಿಮೋಗ್ಲೋಬಿನ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ. ಇಂಥ ತಾಯಿಗೆ ಹೆರಿಗೆಯ ರಕ್ತಸ್ರಾವವನ್ನು ತಾಳುವ ಶಕ್ತಿ ಕಡಮೆ. ದಣಿವನ್ನು ಮನೆಗೆಲಸದ ಆಯಾಸವೆಂದು ತಳ್ಳಿಹಾಕದೆ ರಕ್ತಪರೀಕ್ಷೆ ಮಾಡಿಸುವುದು ಯುಕ್ತ. ಜೋಳದ ರೊಟ್ಟಿಯೊಡನೆ ಸೊಪ್ಪು, ಕಾಳುಗಳಿದ್ದು, ಮೇಲೆ ನಿಂಬೆರಸ ಬಿದ್ದರೆ ಕಬ್ಬಿಣದಂಶ ಮೈಗೆ ಹೆಚ್ಚಾಗಿ ಹತ್ತುವುದು. ಊಟದೊಡನೆ ಕುಡಿದ ಚಹಾ ಅದಕ್ಕೆ ಅಡ್ಡಿ. ಕೊರತೆ ತೀವ್ರವಾಗಿದ್ದರೆ ಆಹಾರವೊಂದೇ ಸಾಲದು. ವೈದ್ಯರು ಹೇಳಿದ ಔಷಧವೂ ಬೇಕು.

ರಕ್ತವನ್ನು ಕೊಡುವ ವಿಷಯದಲ್ಲಿಯೂ ಈ ವಿಭಾಗಜ್ಞಾನವೇ ನೆರವಾಗಿದೆ. 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಪ್ರಕಟಪಡಿಸಿದ ಮೇಲೆ ರಕ್ತದಾನವು ನಿರಪಾಯದ ಹಾದಿ ಹಿಡಿಯಿತು. ಇಂದು ಒಬ್ಬರ ದಾನವನ್ನು ಬೇರ್ಪಡಿಸಿ, ಕೆಂಪು ಕಣಗಳನ್ನು ರಕ್ತಹೀನರಿಗೂ, ಫಲಕಗಳನ್ನು ರಕ್ತಸ್ರಾವದವರಿಗೂ, ಪ್ಲಾಸ್ಮಾವನ್ನು ಸುಟ್ಟಗಾಯದವರಿಗೂ ಕೊಡಬಹುದಾಗಿದೆ. ಆದರೆ ಫಲಕಗಳನ್ನು ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಕಾಲ ಇಡಲಾಗದು. ಆದುದರಿಂದ ವರ್ಷಕ್ಕೊಮ್ಮೆ ನಡೆಯುವ ಉತ್ಸಾಹದ ಶಿಬಿರವೊಂದೇ ಸಾಲದು. ಆರೋಗ್ಯವಂತರು ಸರದಿಯಂತೆ ವರ್ಷವಿಡೀ ಕೊಡುತ್ತಿರಬೇಕು. ಮನುಷ್ಯನ ರಕ್ತಕ್ಕೆ ಮನುಷ್ಯನ ಮಜ್ಜೆಯೇ ಇಂದಿಗೂ ಆಕರ.