ಹದಿನಾರು ಪಾಲಿನ ಬೇಸಿಗೆ ಟಾಪ್

ನಮ್ಮ ಮನೆಗಳಲ್ಲಿ ಕ್ರೋಷಾ ಮೊದಲಿಂದಲೂ ಸಾಮಾನುಗಳ ಮೈಗೇ ಮೀಸಲು. ಟಿ.ವಿ. ಮೇಲಿನ ಹೊದಿಕೆ, ಟೀಪಾಯಿಯ ಹಾಸು, ಅಂಚಿಗೆ ಮಣಿ ಪೋಣಿಸಿ ಹಾಲಿನ ಜಗ್ಗಿಗೆ ಮುಚ್ಚುವ ದುಂಡನೆಯ ಬಟ್ಟೆ, ಬಾಗಿಲ ತೋರಣ. ಮನುಷ್ಯರ ಪಾಲಿಗೆ ಬಂದದ್ದು ಕೂಸಿನ ಕುಲಾವಿ, ಅದೂ ಉಣ್ಣೆಯದು. ಗಾಳಿಯಾಡುವ ಹತ್ತಿಯ ಲೇಸು ಟಿ.ವಿ.ಗೆ ಹೋಗುತ್ತದೆ, ಅದನ್ನು ತಿಂಗಳುಗಟ್ಟಲೆ ಕೂತು ಹಾಕಿದವಳು ಏಪ್ರಿಲ್ ಬಿಸಿಲಲ್ಲಿ ಬೆವರು ಹೀರದ ಪಾಲಿಯೆಸ್ಟರ್ ಉಟ್ಟಿರುತ್ತಾಳೆ. ಬಹಳ ದಿನದಿಂದ ನನಗೆ ಸಂಕಟ ತಂದ ನೋಟ ಇದು.

ಕೈ ಇಲ್ಲವೆಂದಲ್ಲ. ನಂಜನಗೂಡು, ಟಿ. ನರಸೀಪುರದ ಕಡೆ ಯಾವ ಬೀದಿಗೆ ಹೋದರೂ ಸೀರೆಗೆ ಕುಚ್ಚು ಹಾಕುವವರು ಒಬ್ಬರಾದರೂ ಸಿಗುತ್ತಾರೆ. ರೇಷ್ಮೆಯ ಸೀಮೆ ಇದು. ನರಸೀಪುರದಲ್ಲಿ ಸರ್ಕಾರದ ರೇಷ್ಮೆ ಸಂಸ್ಥೆ ಕೆಎಸ್‌ಐಸಿಯ ನೂಲು ತೆಗೆಯುವ ಕಾರ್ಖಾನೆ ಇದೆ; ಮೈಸೂರಿನಲ್ಲಿ 1912ರಲ್ಲಿ ಶುರುವಾದ ನೇಯ್ಗೆ ಕಾರ್ಖಾನೆಯಿದೆ. ಸೀರೆ ಅಲ್ಲಿ ಮುಗಿದರೂ ಸೆರಗು ಮುಗಿಯುವುದು ಮನೆಯ ಜಗಲಿಯಲ್ಲಿ. ಬರಿ ಗಂಟಿನ ಕುಚ್ಚು ಹೋಗಿ ಕ್ರೋಷಾ ಕುಚ್ಚು ಬಂದಮೇಲೆ ಕಮಾನು, ಮಣಿ, ಹೂವಿನ ಸಾಲು ಎಲ್ಲವೂ ಒಂದು ಸಣ್ಣ ಕಡ್ಡಿಯ ತುದಿಯಲ್ಲೇ ಆಗುತ್ತಿವೆ. ಈ ಕೈಗಳಿಗೆ ಬೇಸಿಗೆಯ ಟಾಪ್ ಹಾಕಲು ಹೊಸದಾಗಿ ಕಲಿಯಬೇಕಾದದ್ದು ಕೊಂಚವೇ.

ಕ್ರೋಷಾ ಎಂದರೆ ಕುಣಿಕೆಯಿಂದ ಕುಣಿಕೆ ಎಳೆಯುವುದು, ಅಷ್ಟೆ. ಸ್ವೆಟರ್ ಹೆಣಿಗೆಯಲ್ಲಿ ಕಡ್ಡಿಯ ತುಂಬ ಕುಣಿಕೆಗಳು ಕಾದು ಕೂತಿರುತ್ತವೆ. ಇಲ್ಲಿ ಕೊಕ್ಕೆಯ ಮೇಲೆ ಉಳಿಯುವುದು ಒಂದೇ. ನಡುವೆ ಎದ್ದು ಹೋಗಿ ಹಾಲು ಕಾಯಿಸಿ ಬಂದರೂ ಆ ಒಂದು ಕುಣಿಕೆ ಜೋಪಾನವಾಗಿದ್ದರೆ ಸಾಕು. ಕುಣಿಕೆ ಕುಣಿಕೆ ಸೇರಿದರೆ ಚೈನು. ಕೊಕ್ಕೆಗೆ ನೂಲು ಸುತ್ತಿ ಎತ್ತರಿಸಿ ಹಾಕಿದರೆ ಕಂಬ. ಕಂಬ, ಚೈನು, ನಡುವೆ ಬಿಟ್ಟ ಖಾಲಿ, ಲೇಸಿನ ಬಂಡವಾಳವೆಲ್ಲ ಈ ಮೂರೇ. ಸ್ವೆಟರ್ ಹೆಣಿಗೆಗೆ ಯಂತ್ರ ಬಂದು ಶತಮಾನಗಳಾದವು, ನಿಜವಾದ ಕ್ರೋಷಾ ಮಾತ್ರ ಇವತ್ತಿಗೂ ಕಾರ್ಖಾನೆಯ ಯಂತ್ರಕ್ಕೆ ಒಲಿದಿಲ್ಲ. ಅಂಗಡಿಯಲ್ಲಿ ಆ ಹೆಸರಲ್ಲಿ ಗಜದ ಲೆಕ್ಕಕ್ಕೆ ಮಾರುವ ಲೇಸು ಬೇರೆ ಬಗೆಯ ಹೆಣಿಗೆ, ನೋಟಕ್ಕೆ ಮಾತ್ರ ಇದರ ತಂಗಿ.

ಟಾಪಿನ ಲೆಕ್ಕ ನನಗೆ ಹೊಳೆದದ್ದು ನಂಜನಗೂಡಿನ ಹತ್ತಿರದ ಹೆಡತಲೆಯಲ್ಲಿ. ಲಕ್ಷ್ಮೀಕಾಂತಸ್ವಾಮಿಯ ಗುಡಿ ಹೊಯ್ಸಳರ ಕಾಲದ ತ್ರಿಕೂಟ. ಅಲ್ಲಿ ಹದಿನಾರು ಮುಖದ ಚಾವಡಿ ಎಂದು ಕರೆಯುವ ಮಂಟಪವೊಂದಿದೆ. ಭೀಮಣ್ಣ ದಂಡನಾಯಕ ತನ್ನ ಹದಿನಾರು ಮಂದಿ ಅಳಿಯಂದಿರನ್ನು ಕೂರಿಸಲು ಕಟ್ಟಿಸಿದನೆಂದು ಊರಿನವರು ಹೇಳುವ ಕಥೆ. ಒಬ್ಬ ಅಳಿಯನೂ ಮೂಲೆಗೆ ಬೀಳಬಾರದು, ಎಲ್ಲರಿಗೂ ಸಮನಾದ ಮುಖ ಸಿಗಬೇಕು. ಕೊರಳಿನ ಸುತ್ತ ಲೇಸು ಹಂಚುವವರಿಗೂ ಇದೇ ಪ್ರಶ್ನೆ. ಅಲ್ಲೇ ಕೂತು ಬೆರಳು ಮಡಿಸಿದೆ: ಎದೆಗೆ ಐದು ಪಾಲು, ಬೆನ್ನಿಗೆ ಐದು, ಒಂದೊಂದು ತೋಳಿಗೆ ಮೂರು ಮೂರು. ಹದಿನಾರಕ್ಕೆ ಸರಿಹೋಯಿತು!

ಹಾಕುವ ಬಗೆ ಹೀಗೆ. 20ನೇ ನಂಬರಿನ ಹತ್ತಿ ನೂಲಿನಲ್ಲಿ 192 ಚೈನು ಹಾಕಿ, ತಿರುಚದಂತೆ ಸುತ್ತಿ ಸೇರಿಸಬೇಕು. ಪಾಲಿಗೆ 12 ಚೈನು ಬರುತ್ತದೆ. ತಲೆ ಸಲೀಸಾಗಿ ತೂರುವಷ್ಟು, ಅಂದರೆ ಸುಮಾರು 56 ಸೆಂಟಿಮೀಟರ್ ಸುತ್ತಳತೆ ಆಗಬೇಕು. ಕೈ ಬಿಗಿಯಿದ್ದವರು ಪಾಲಿಗೆ ಎರಡೆರಡು ಚೈನು ಹೆಚ್ಚಿಸಿಕೊಳ್ಳಲಿ. ಮೊದಲ ಸುತ್ತಿನಲ್ಲಿ ಒಂದು ಕಂಬ, ಒಂದು ಚೈನು, ಕೆಳಗಿನದು ಒಂದು ಬಿಟ್ಟು ಮತ್ತೆ ಕಂಬ. ಸುತ್ತು ಅಗಲವಾಗುತ್ತ ಹೋಗಬೇಕಲ್ಲ, ಅದಕ್ಕೆ ಕಂಬ ಹೆಚ್ಚಿಸುವುದಕ್ಕಿಂತ ಕಂಬಗಳ ನಡುವಿನ ಚೈನು ಹೆಚ್ಚಿಸುವುದು ನನಗೆ ಇಷ್ಟ. ಕೆಲವು ಸುತ್ತಾದ ಮೇಲೆ ಎರಡು, ಮುಂದೆ ಮೂರು. ನೂಲಿನ ತೂಕ ಅಷ್ಟಾಗಿ ಏರುವುದಿಲ್ಲ, ಕಿಟಕಿಗಳು ದೊಡ್ಡದಾಗುತ್ತವೆ, ಕೊರಳಿನಿಂದ ಭುಜಕ್ಕೆ ಇಳಿಯುತ್ತ ಗಾಳಿಗೆ ದಾರಿ ತೆರೆಯುತ್ತದೆ. ಕಂಬದ ತಲೆಯ ಮೇಲೇ ಕಂಬ ಕೂರಬೇಕು. ಒಂದು ತಪ್ಪಿದರೆ ಸಾಲಿಗೆ ಸಾಲೇ ಓರೆಯಾಗುತ್ತದೆ. ಆಗ ಸಂಕೋಚವಿಲ್ಲದೆ ಬಿಚ್ಚಬೇಕು. ನೂಲು ಎಳೆದರೆ ಬಂದುಬಿಡುತ್ತದೆ, ಏನೂ ಹಾಳಾಗುವುದಿಲ್ಲ.

ಒಂದು ಗೇಣು ಇಳಿದಾಗ ಪಾಲು ಒಡೆಯುವ ಹೊತ್ತು. ತೋಳಿನ ಮೂರು ಮೂರು ಪಾಲುಗಳನ್ನು ಹಾಗೇ ಬಿಟ್ಟು, ಎದೆಯ ಕೊನೆಯಿಂದ ಬೆನ್ನಿನ ಮೊದಲಿಗೆ ಕಂಕುಳಡಿಯಲ್ಲಿ ನಾಲ್ಕು ಬೆರಳಗಲದ ಚೈನು ಹಾಯಿಸಿದರೆ ಅದೇ ಸೇತುವೆ. ಅಲ್ಲಿಂದ ಸೊಂಟದವರೆಗೆ ನೇರ ಇಳಿತ. ಹೊಲಿಗೆ ಎಂಬುದೇ ಇಲ್ಲ, ಕತ್ತರಿಗೆ ಕೆಲಸವಿಲ್ಲ. ಅಂಚಿಗೆ ಕುಚ್ಚು ಹಾಕುವವರ ಅದೇ ಕಮಾನಿನ ಸಾಲು.

ಕೊಕ್ಕೆಕಡ್ಡಿಯ ವಿಷಯದಲ್ಲಿ ಒಂದು ಮಾತು. ಈ ನೂಲಿಗೆ ವಾಡಿಕೆಯ ಕಡ್ಡಿ ಸುಮಾರು 1.25 ಮಿಲಿಮೀಟರಿನದು. ಹಾಸು, ಹೊದಿಕೆಗಳಿಗೆ ಅದು ಸರಿ, ಬಿಗಿಯಾಗಿ ನಿಲ್ಲುತ್ತದೆ. ಮೈಗೆ ಹಾಕುವುದು ನಿಲ್ಲಬಾರದು, ಇಳಿಬೀಳಬೇಕು. ಹಾಗಾಗಿ 1.75 ಹಿಡಿಯಿರಿ. ನೂಲು ಮರ್ಸರೈಸ್ ಆದದ್ದೇ ಇರಲಿ: ಇಂಗ್ಲೆಂಡಿನ ಜಾನ್ ಮರ್ಸರ್ ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿ ಗಟ್ಟಿ ಮಾಡಿದ, ಮುಂದೆ 1890ರ ಸುಮಾರಿಗೆ ಹೊರೇಸ್ ಲೋ ಅದನ್ನು ಎಳೆದು ಹಿಡಿದು ಅದ್ದಿ ಹೊಳಪು ತಂದ. ಆ ಹೊಳಪು ಒಗೆದರೂ ಹೋಗುವುದಿಲ್ಲ. ಒಗೆದ ಮೇಲೆ ಹಗ್ಗದ ಮೇಲೆ ಹಾಕಬೇಡಿ. ನನ್ನ ಮೊದಲ ಟಾಪನ್ನು ಹಾಗೆ ಒಣಗಲು ಹಾಕಿ ಸಂಜೆಗೆ ತೆಗೆದಾಗ ನೀರಿನ ಭಾರಕ್ಕೆ ಅರ್ಧ ಗೇಣು ಉದ್ದವಾಗಿತ್ತು. ಚಾಪೆಯ ಮೇಲೆ ಟವೆಲು ಹಾಸಿ, ಅಳತೆಗೆ ಸರಿಪಡಿಸಿ, ನೆರಳಲ್ಲಿ ಮಲಗಿಸಬೇಕು.

ಈ ಕೊಕ್ಕೆಯ ಹಿಂದೆ ಹಸಿವಿನ ಚರಿತ್ರೆಯಿದೆ. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಐರ್ಲೆಂಡಿನಲ್ಲಿ ಜನ ಸಾಯುತ್ತಿದ್ದಾಗ ಅಲ್ಲಿನ ಹೆಂಗಸರು ಕ್ರೋಷಾ ಲೇಸು ಮಾರಿ ಮನೆ ನಡೆಸಿದರು. ನಮ್ಮ ನೆರೆಯ ಆಂಧ್ರದ ಗೋದಾವರಿ ಸೀಮೆಯ ನರಸಾಪುರಕ್ಕೆ ಮಿಷನರಿಗಳು ತಂದ ಈ ಕಸಬಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಲ್ಲಿನ ಲೇಸು ಹೆಂಗಸರ ಬಗ್ಗೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಪುಸ್ತಕ ಬರೆದರು. ದಿನಕ್ಕೆ ಆರೆಂಟು ಗಂಟೆ ದುಡಿದು ಪರದೇಶಕ್ಕೆ ಮಾಲು ಕಳಿಸುವವರನ್ನು ಮನೆಯಲ್ಲಿ ಸುಮ್ಮನೆ ಕೂತ ಗೃಹಿಣಿಯರೆಂದೇ ಲೆಕ್ಕ ಹಿಡಿಯುತ್ತಾರೆ, ಆ ಲೆಕ್ಕವೇ ಕೂಲಿಯನ್ನು ನೆಲಕ್ಕೆ ಒತ್ತಿ ಹಿಡಿದಿದೆ ಎಂದು ಅವರು ತೋರಿಸಿಕೊಟ್ಟರು.

ಓದಿದಾಗ ನಮ್ಮ ಜಗಲಿಗಳೇ ಕಣ್ಣಿಗೆ ಬಂದವು. "ಬಿಡುವಲ್ಲಿ ಹಾಕ್ಕೊಡಿ" ಎಂದು ಸೀರೆ ಇಟ್ಟು ಹೋಗುತ್ತಾರೆ. ಕುಚ್ಚಿನ ಕೂಲಿ ಸೀರೆಗಿಷ್ಟು ಎಂದು ಇರುತ್ತದೆಯೇ ಹೊರತು ಗಂಟೆಗಿಷ್ಟು ಎಂದು ಇರುವುದಿಲ್ಲ. ಟಾಪಿಗೆ ಆ ಲೆಕ್ಕ ನಡೆಯದು. ನನಗೆ ಒಂದಕ್ಕೆ ಎಪ್ಪತ್ತು ಗಂಟೆ ಹಿಡಿಯಿತು. ಗೋಡೆಯ ಕ್ಯಾಲೆಂಡರಿನ ಮೇಲೆ ದಿನದಿನವೂ ಬರೆದಿಟ್ಟಿದ್ದೆ. ಮಾರುವವರು ಹೀಗೇ ಬರೆದಿಡಲಿ, ಬೆಲೆ ಕೇಳಿದವರಿಗೆ ನೂಲಿನ ಬಿಲ್ಲಿನ ಜೊತೆಗೆ ಆ ಕ್ಯಾಲೆಂಡರನ್ನೂ ತೋರಿಸಲಿ.

ಟಾಪ್ ಮುಗಿಸಿದ ದಿನ, ಕುಚ್ಚು ಹಾಕುವ ಪಕ್ಕದ ಬೀದಿಯ ಅಕ್ಕನಿಗೆ ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ಕಂಬ ಎಣಿಸತೊಡಗಿದರು. ನಾನು ಏನೋ ಹೇಳಹೋದೆ. "ಎಣಿಸೋವಾಗ ಮಾತಾಡಿಸಬ್ಯಾಡ ಕಣವ್ವ" ಎಂದರು. ಹದಿನಾರು ಪಾಲೂ ಎಣಿಸಿ ಮುಗಿಸಿ, ಕಂಕುಳಿನ ಸೇತುವೆ ಎಲ್ಲಿಂದ ಹೊರಡುತ್ತದೆ ಎಂದು ಬೆರಳಿಟ್ಟು ಕೇಳಿದರು.