ಹಂಚಿದವರು ಯಾರು? ಫೋನು ಬಾಯಿ ಬಿಡೋದಿಲ್ಲ!

ಯಾಪಲದಿನ್ನಿ: ತೆಲಂಗಾಣದ ಗಡಿಯ ಮಗ್ಗುಲಲ್ಲೇ ಇರುವ ರಾಯಚೂರು ತಾಲೂಕಿನ ಈ ಊರಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ಹಿಂದೆ ಸುದ್ದಿ ಬರುತ್ತಿದ್ದುದು ಬಸ್ಸಿನಲ್ಲಿ. ತಂದವರು ಯಾರೆಂದರೆ ಇಂಥವರ ಅಳಿಯ, ಇಂಥ ಅಂಗಡಿಯ ಸಾಹುಕಾರ್ರು ಎಂದು ಬೆರಳು ತೋರಿಸಬಹುದಿತ್ತು. ಈಗ ಸುದ್ದಿ ಬರುವುದು ವಾಟ್ಸಪ್ಪಿನಲ್ಲಿ. ಬೆರಳು ತೋರಿಸಲು ಯಾರೂ ಸಿಗುವುದಿಲ್ಲ.

“ನಾ ಹಾಕಿದ ಫೋಟೋ ಯಾರ್ಯಾರು ಮುಂದ ಕಳ್ಸ್ಯಾರ, ಎಲ್ಲಿಗಂಟ ಹೋಗ್ಯಾದ, ಹೆಂಗ ಗೊತ್ತಾಗ್ತದ್ರಿ?” ಅಂಗಡಿ ಗಲ್ಲೆಯ ಮುಂದೆ ಇಂದು ಕೇಳಿಬರುವ ಪ್ರಶ್ನೆ ಇದು. ಪೂರ್ತಿ ಗೊತ್ತಾಗಂಗಿಲ್ಲ ಎಂಬುದೇ ಉತ್ತರ.

ಗ್ರೂಪಿಗೆ ನೀವು ಹಾಕಿದ ಮೆಸೇಜಿನ ಮೇಲೆ ಬೆರಳು ಒತ್ತಿ ಹಿಡಿದು ‘ಇನ್ಫೋ’ ನೋಡಿದರೆ ಯಾರಿಗೆ ತಲುಪಿತು, ಯಾರು ಓದಿದರು ಎಂಬುದು ಕಾಣುತ್ತದೆ. ಓದಿದವನು ಅದನ್ನು ಎಲ್ಲಿಗೆ ದಾಟಿಸಿದ ಎಂಬುದು ಕಾಣುವುದಿಲ್ಲ. ಫೇಸ್‌ಬುಕ್ಕಿನಲ್ಲಿ ಶೇರ್ ಲೆಕ್ಕವೇನೋ ಬರುತ್ತದೆ. ಅದನ್ನು ಒತ್ತಿದರೆ ಕೆಲವರ ಹೆಸರು ಸಿಗುತ್ತದೆ. ತಮ್ಮ ಶೇರನ್ನು ನಿಮಗೆ ಕಾಣದಂತೆ ಇಟ್ಟವರ ಹೆಸರು ಸಿಗದು. ಹತ್ತು ಶೇರ್ ಎಂದಿದ್ದು ಹೆಸರು ನಾಲ್ಕೇ ಇದ್ದರೆ ಅದು ಫೋನಿನ ದೋಷವಲ್ಲ. ಇನ್ನು ಸ್ಕ್ರೀನ್‌ಶಾಟ್ ಹೊಡೆದು ಕಳಿಸಿದವರು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಈ ಕುತೂಹಲದ ಮೇಲೆಯೇ ಹೊಟ್ಟೆ ಹೊರೆಯುವ ಮಂದಿ ಇದ್ದಾರೆ. ‘ನಿಮ್ಮ ಪ್ರೊಫೈಲ್ ಕದ್ದು ನೋಡಿದವರ ಹೆಸರು ತೋರಿಸ್ತೀವಿ’ ಎನ್ನುವ ಆಪುಗಳನ್ನು ನಂಬಬಾರದು. ಹಾಗೆ ತೋರಿಸುವ ಸೌಕರ್ಯವೇ ತನ್ನಲ್ಲಿಲ್ಲ ಎಂದು ಫೇಸ್‌ಬುಕ್ ಹೇಳಿದೆ. ಪಾಸ್‌ವರ್ಡ್, ಓಟಿಪಿ ಕೊಟ್ಟವರ ಖಾತೆ ಕಳ್ಳರ ಪಾಲು. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು.

ಇದೆಲ್ಲ ಅಂಗಡಿ ಜಾಹೀರಾತು, ಮದುವೆ ಫೋಟೋಗಳ ಮಾತಾಯಿತು. ಆದರೆ ಇದೇ ‘ಯಾರು ಹಂಚಿದರು’ ಎಂಬ ಪ್ರಶ್ನೆ ನಮ್ಮ ಸೀಮೆಯಲ್ಲೇ ಒಂದು ಹೆಣದ ಮುಂದೆ ನಿಂತಿತ್ತು.

2018ರ ಜುಲೈ 13. ಬೀದರ ಜಿಲ್ಲೆಗೆ ಕಾರಿನಲ್ಲಿ ಬಂದಿದ್ದ ಹೈದರಾಬಾದ್ ಕಡೆಯ ಗೆಳೆಯರು ದಾರಿಯ ಊರೊಂದರಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರ ವದಂತಿ ಆಗ ಊರೂರು ಸುತ್ತುತ್ತಿದ್ದ ಕಾಲ. ಜನ ಅನುಮಾನಪಟ್ಟರು, ಜಗಳವಾಯಿತು, ಗೆಳೆಯರು ಕಾರು ಹತ್ತಿ ಹೊರಟರು. ಅವರ ವಿಡಿಯೋ ವಾಟ್ಸಪ್ ಗ್ರೂಪಿಗೆ ಬಿತ್ತು. ಕಾರಿಗಿಂತ ಮೊದಲು ಸುದ್ದಿ ಮುರ್ಕಿ ಗ್ರಾಮ ಮುಟ್ಟಿತ್ತು! ಅಲ್ಲಿ ರಸ್ತೆ ಅಡ್ಡಗಟ್ಟಿದರು. ಕಾರು ಪಲ್ಟಿಯಾಯಿತು. ಗುಂಪು ಸುತ್ತುವರಿದು ಹೊಡೆಯಿತು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಮೂವತ್ತೆರಡು ವಯಸ್ಸಿನ ಸಾಫ್ಟ್‌ವೇರ್ ಎಂಜಿನಿಯರ್ ಸತ್ತುಹೋದ. ಅವರು ಯಾವ ಮಗುವನ್ನೂ ಕದ್ದಿರಲಿಲ್ಲ.

ಆಮೇಲೆ ಪೊಲೀಸರು ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಹಿಡಿದರು. ವಾಟ್ಸಪ್ ಗ್ರೂಪಿನ ಅಡ್ಮಿನ್ ಕೂಡ ಅದರಲ್ಲಿದ್ದ. ವಿಡಿಯೋ ನೋಡಿ ‘ನೋಡ್ರಿ, ಹುಷಾರಿರಿ’ ಎಂದು ಮುಂದೆ ತಳ್ಳಿದವರು ಬಹುಶಃ ಒಳ್ಳೇ ಮನಸ್ಸಿನಿಂದಲೇ ತಳ್ಳಿದ್ದಾರು. ಸತ್ತವನಿಗೆ ಅದರಿಂದ ಬಂದದ್ದೇನು?

ದೇಶದ ಬೇರೆ ಕಡೆಗಳಲ್ಲೂ ಇಂಥವೇ ಕೊಲೆಗಳು ನಡೆದ ಮೇಲೆ, ಅದೇ ಜುಲೈನಲ್ಲಿ, ವಾಟ್ಸಪ್ ಕಂಪನಿ ಎಚ್ಚೆತ್ತಿತು. ಮುಂದೆ ಕಳಿಸಿದ ಮೆಸೇಜಿಗೆ ‘ಫಾರ್ವರ್ಡೆಡ್’ ಎಂಬ ಮುದ್ರೆ ಬಂತು. ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಎಂಬ ಮಿತಿ ಬಂತು. ತೀರಾ ಹೆಚ್ಚು ಕೈ ದಾಟಿದ್ದನ್ನು ಸಲಕ್ಕೊಂದೇ ಕಡೆ ಕಳಿಸಬೇಕೆಂದು 2020ರ ಏಪ್ರಿಲಿನಲ್ಲಿ ಇನ್ನಷ್ಟು ಬಿಗಿ ಮಾಡಿದರು. ಮೆಸೇಜಿನ ಮೇಲೆ ಜೋಡಿ ಬಾಣ ಕಂಡರೆ ಅದು ಅಂಥ ಮಾಲು. ನಿಮಗೆ ಕಳಿಸಿದ ಭಾವನೇ ಬರೆದದ್ದಲ್ಲ.

ಮೂಲ ಯಾರೆಂದು ಕಂಪನಿಯೇ ಹೇಳಬಾರದೇಕೆ? 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ತಂದು ಅದನ್ನೇ ಕೇಳಿತು. ಗಂಭೀರ ಅಪರಾಧಗಳಲ್ಲಿ ಕೋರ್ಟು ಅಥವಾ ಅಧಿಕಾರವುಳ್ಳವರು ಆದೇಶಿಸಿದರೆ ಮೊದಲು ಕಳಿಸಿದವನನ್ನು ಗುರುತಿಸಿಕೊಡಬೇಕು ಎಂದಿತು. ವಾಟ್ಸಪ್ ದಿಲ್ಲಿ ಹೈಕೋರ್ಟಿಗೆ ಹೋಯಿತು. ಮೆಸೇಜಿಗೆ ಹಾಕಿದ ಬೀಗ ಮುರಿಯಿರಿ ಎಂದರೆ ನಾವು ಇಲ್ಲಿಂದ ಹೋಗುತ್ತೇವೆ ಎಂದು ಅದರ ವಕೀಲರು 2024ರ ಏಪ್ರಿಲಿನಲ್ಲಿ ಕೋರ್ಟಿನಲ್ಲೇ ಹೇಳಿದರು. ಇಬ್ಬರ ಮಾತಿನಲ್ಲೂ ಹುರುಳಿದೆ. ಕೊಲೆಗಡುಕನನ್ನು ಹುಡುಕಲು ಮಾಡಿದ ಕಿಂಡಿಯಲ್ಲಿ ನಿಮ್ಮ ಮನೆ ಮಾತೂ ಕಾಣುತ್ತದಲ್ಲ!

ಆದರೂ ಕಂಪನಿ ಹೇಳದಿದ್ದರೆ ಬಚಾವು ಎಂದು ತಿಳಿಯುವುದು ದಡ್ಡತನ. ‘ನಿನಗ ಯಾರು ಕಳ್ಸಿದ್ರು?’ ಎಂದು ಫೋನಿನಿಂದ ಫೋನಿಗೆ ಹಿಂದೆ ಹಿಂದೆ ಹೋಗುವ ಹಳೇ ದಾರಿ ಪೊಲೀಸರಿಗೆ ಇದ್ದೇ ಇದೆ. ಹುಡುಕುವ ದಾರಿ ನಿಮಗೂ ಅದೇ. ನಿಮ್ಮ ಫೋಟೋ, ಅಂಗಡಿ ಹೆಸರು ಕೆಟ್ಟದ್ದಕ್ಕೆ ಬಳಕೆಯಾಗಿದ್ದರೆ ತೋರಿಸಿದವರ ಫೋನಿನಲ್ಲೇ ದಿನ, ಹೊತ್ತು, ಕಳಿಸಿದವರ ನಂಬರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಂಡು ಠಾಣೆಗೆ ಹೋಗಬೇಕು. ಗ್ರೂಪಿಗೆ ಹಾಕಿದ್ದು ತಪ್ಪಾಯಿತೆಂದು ‘ಎಲ್ಲರಿಗೂ ಅಳಿಸು’ ಒತ್ತಲು ಸುಮಾರು ಎರಡು ದಿನ ಸಮಯವಿರುತ್ತದೆ. ಅಳಿಯುವುದು ಆ ಗ್ರೂಪಿನಲ್ಲಿ ಮಾತ್ರ. ಅಷ್ಟರಲ್ಲಿ ಬೇರೆ ಗ್ರೂಪಿಗೆ ದಾಟಿದ ಪ್ರತಿ ಹಾಗೇ ಉಳಿದಿರುತ್ತದೆ.